ಕಾರಿಗೆ ತಿಳಿದದ್ದು ರಸ್ತೆಗೂ ತಿಳಿಯಬೇಕಾದರೆ

ಎರಡೂ ಬದಿಯಿಂದ ಮರಗಳು ಕವಿದುಕೊಂಡಿರುವ ಒಂದು ತಿರುವನ್ನು ಊಹಿಸಿಕೊಳ್ಳಿ. ರಾತ್ರಿ ಮಳೆ ಸುರಿದು ನಿಂತಿದೆ. ಬೆಳಗಿನ ಬಿಸಿಲಿಗೆ ಉಳಿದ ರಸ್ತೆಯೆಲ್ಲ ಒಣಗಿದ್ದರೂ ನೆರಳು ಬೀಳುವ ಇಪ್ಪತ್ತು ಮೀಟರ್ ಮಾತ್ರ ಇನ್ನೂ ಒದ್ದೆಯಾಗಿದ್ದು, ಅದರ ಮೇಲೆ ಕೊಳೆತ ಎಲೆಗಳು ಮೆತ್ತಿಕೊಂಡಿವೆ. ಅಲ್ಲಿಗೆ ಬಂದ ಕಾರಿನ ಚಾಲಕ ಬ್ರೇಕ್ ಒತ್ತುತ್ತಾನೆ. ನಾಲ್ಕು ಚಕ್ರಗಳ ವೇಗವನ್ನು ಎಡೆಬಿಡದೆ ಅಳೆಯುತ್ತಿರುವ ಸೆನ್ಸರ್‌ಗಳ ಪೈಕಿ ಒಂದು, ತನ್ನ ಚಕ್ರ ಉಳಿದ ಮೂರಕ್ಕಿಂತ ಇದ್ದಕ್ಕಿದ್ದಂತೆ ನಿಧಾನವಾಯಿತೆಂದು ಹೇಳುತ್ತದೆ. ಅಂದರೆ ಆ ಚಕ್ರ ಈಗ ಉರುಳುತ್ತಿಲ್ಲ, ಜಾರುತ್ತಿದೆ. ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ನಿಲ್ಲದಂತೆ ನೋಡಿಕೊಳ್ಳುವ ಎಬಿಎಸ್ ವ್ಯವಸ್ಥೆ ಆ ಒಂದು ಚಕ್ರದ ಮೇಲಿನ ಒತ್ತಡವನ್ನು ಸಡಿಲಿಸಿ, ಮತ್ತೆ ಬಿಗಿ ಮಾಡಿ, ಮತ್ತೆ ಸಡಿಲಿಸುತ್ತದೆ. ಚಾಲಕನ ಪಾದದಡಿಯಲ್ಲಿ ಪೆಡಲ್ ಗಡಗಡ ನಡುಗುತ್ತದೆ. ಕಾರು ಗೆರೆ ದಾಟದೆ ತಿರುವು ಮುಗಿಸುತ್ತದೆ, ಚಾಲಕ ಒಂದು ನಿಟ್ಟುಸಿರು ಬಿಟ್ಟು ಅದನ್ನು ಮರೆತೂ ಬಿಡುತ್ತಾನೆ. ಎರಡು ನಿಮಿಷ ಬಿಟ್ಟು ಅದೇ ತಿರುವಿಗೆ ಬರುವ ಬೈಕ್ ಸವಾರನಿಗೆ ಇದರ ಸುಳಿವೇ ಇರುವುದಿಲ್ಲ.

ಆ ಕಾರಿಗೆ ಗೊತ್ತಾದದ್ದು ಸವಾರನಿಗೆ ಏಕೆ ಗೊತ್ತಾಗಲಿಲ್ಲ ಎಂಬ ಪ್ರಶ್ನೆಗೆ ಮೊದಲಾದರೆ ‘ತಿಳಿಸುವ ದಾರಿ ಇರಲಿಲ್ಲ’ ಎಂಬ ಸರಳ ಉತ್ತರವಿತ್ತು. ಈಗ ಅದು ಪೂರ್ತಿ ನಿಜವಲ್ಲ. ಕಾರಿನ ಒಳಗಿನ ನಿಯಂತ್ರಣ ಘಟಕಗಳು ಪರಸ್ಪರ ಮಾತಾಡಿಕೊಳ್ಳಲು ಬಾಷ್ ಕಂಪನಿ 1986ರಲ್ಲಿ ಮುಂದಿಟ್ಟ ‘ಕ್ಯಾನ್’ ಎಂಬ ಜಾಲ ಇಂದು ಎಲ್ಲೆಡೆ ಇದೆ. ಬ್ರೇಕ್, ಸ್ಟಿಯರಿಂಗ್, ವೈಪರ್, ಮಂಜಿನ ದೀಪ, ಅಪಾಯ ಸೂಚಕ ದೀಪ, ಹೊರಗಿನ ಉಷ್ಣಾಂಶ, ಏರ್‌ಬ್ಯಾಗ್ ಇವೆಲ್ಲದರ ಸಂಕೇತಗಳೂ ಅದರ ಮೇಲೆ ಹರಿಯುತ್ತಿರುತ್ತವೆ. ಇದಕ್ಕೆ ಹೊಸದಾಗಿ ಸೇರಿಕೊಂಡಿರುವುದು ಜಿಪಿಎಸ್ ಮತ್ತು ಒಂದು ಸಿಮ್. ಈ ಮೂರೂ ಕೂಡಿದ ವಾಹನವನ್ನೇ ‘ಕನೆಕ್ಟೆಡ್’ ಎನ್ನುತ್ತಾರೆ. ಅಂಥ ಕಾರು ತನ್ನ ಮಾಹಿತಿಯನ್ನು ಕಂಪನಿಯ ಸರ್ವರ್‌ಗೆ ಕಳುಹಿಸುತ್ತಲೂ ಇರುತ್ತದೆ. ಆ ಮಾಹಿತಿ ಅಲ್ಲಿಂದ ಯಾರ ಕೈಗೆ ಹೋಗುತ್ತದೆ, ಯಾರ ಕೈಗೆ ಹೋಗುವುದಿಲ್ಲ ಎಂಬುದೇ ಈಗಿನ ಚರ್ಚೆಯ ತಿರುಳು.

ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯ ಪ್ರಕಾರ 2021ರಲ್ಲಿ ಜಗತ್ತಿನಾದ್ಯಂತ ರಸ್ತೆ ಅಪಘಾತಗಳಲ್ಲಿ ಸತ್ತವರು ಸುಮಾರು 11.9 ಲಕ್ಷ ಮಂದಿ. 5ರಿಂದ 29 ವರ್ಷದವರ ಸಾವಿಗೆ ಇದೇ ಮೊದಲನೆಯ ಕಾರಣ. ಈ ಸಂಖ್ಯೆಯನ್ನು 2030ರೊಳಗೆ ಅರ್ಧಕ್ಕೆ ಇಳಿಸಬೇಕೆಂಬುದು ವಿಶ್ವಸಂಸ್ಥೆಯ ಗುರಿ. ವಾಹನಗಳ ಮಾಹಿತಿ ಇದಕ್ಕೆ ನೆರವಾಗಬಲ್ಲದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಜೀವ ಉಳಿಸಲು ಬೇಕಾಗುವ ಮಾಹಿತಿ ಬಹಳ ತೆಳುವಾದದ್ದು: ಎಲ್ಲಿ, ಯಾವಾಗ, ಯಾವ ದಿಕ್ಕಿನಲ್ಲಿ, ಏನಾಯಿತು ಎಂಬಷ್ಟೇ. ಮಾರುಕಟ್ಟೆ ಬೆಲೆ ಕಟ್ಟುವುದು ಮಾತ್ರ ‘ಯಾರು’ ಎಂಬುದಕ್ಕೆ. ಈ ಎರಡನ್ನೂ ಒಂದೇ ಮೂಟೆಯಲ್ಲಿ ಕಟ್ಟಿ, ಮೇಲೆ ‘ಸುರಕ್ಷತೆ’ ಎಂಬ ಚೀಟಿ ಅಂಟಿಸುತ್ತಿರುವುದರಿಂದಲೇ ಒಳ್ಳೆಯ ಕೆಲಸವೊಂದು ಹಿಂದೆ ಬೀಳುತ್ತಿದೆ.

ರಸ್ತೆ ಸುರಕ್ಷತೆಯ ಯೋಜನೆ ಬಹುಕಾಲದಿಂದ ನಿಂತಿರುವುದು ಹೆಣಗಳ ಲೆಕ್ಕದ ಮೇಲೆ. ಒಂದು ಸ್ಥಳದಲ್ಲಿ ಮೂರೋ ಐದೋ ವರ್ಷಗಳಲ್ಲಿ ಇಂತಿಷ್ಟು ಅಪಘಾತಗಳಾದರೆ ಅದನ್ನು ಅಪಾಯಕಾರಿ ತಾಣವೆಂದು ಗುರುತಿಸಿ, ಪರಿಶೀಲಿಸಿ, ಹಣ ಮಂಜೂರು ಮಾಡಿ, ಕೊನೆಗೆ ದುರಸ್ತಿ ಮಾಡಲಾಗುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಈ ಕ್ರಮಕ್ಕೆ ಅಧಿಕಾರಿಗಳ ಉದಾಸೀನವಷ್ಟೇ ಕಾರಣವಲ್ಲ. ಯಾವುದೇ ಒಂದು ತಿರುವಿನಲ್ಲಿ ಸಾವು ಅಪರೂಪದ ಘಟನೆ. ಅಪರೂಪದ ಘಟನೆಗಳಿಂದ ಒಂದು ನಿರ್ಣಯಕ್ಕೆ ಬರಬೇಕಾದರೆ ವರ್ಷಗಟ್ಟಲೆ ಕಾಯಲೇಬೇಕು. ಕೂದಲೆಳೆಯ ಅಂತರದಲ್ಲಿ ತಪ್ಪಿಹೋದ ಡಿಕ್ಕಿಗಳು ಹಾಗಲ್ಲ, ಅವು ಪ್ರತಿದಿನವೂ ನಡೆಯುತ್ತವೆ. ಅವನ್ನು ಎಣಿಸಿ ಅಪಾಯವನ್ನು ಮೊದಲೇ ಅಳೆಯಬಹುದೆಂಬ ಯೋಚನೆ ಹೊಸದೇನಲ್ಲ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಕ್ರಿಸ್ಟರ್ ಹೈಡನ್ ಇದನ್ನೇ ಒಂದು ವಿಧಾನವಾಗಿ ಬೆಳೆಸಿ 1987ರಲ್ಲಿ ಪ್ರಬಂಧ ಮಂಡಿಸಿದರು. ಅದರಲ್ಲಿ ತರಬೇತಿ ಪಡೆದವರು ಕೂಡುರಸ್ತೆಯಲ್ಲಿ ನಿಂತು, ಯಾವ ವಾಹನ ಯಾವುದನ್ನು ಎಷ್ಟು ಹತ್ತಿರದಲ್ಲಿ ತಪ್ಪಿಸಿಕೊಂಡಿತೆಂದು ಕಣ್ಣಳತೆಯಲ್ಲಿ ಬರೆದುಕೊಳ್ಳುತ್ತಿದ್ದರು. ಹಾಗೆ ನಿಂತು ನೋಡಬಹುದಾದ ಕೂಡುರಸ್ತೆಗಳು ಎಷ್ಟಿದ್ದಾವು? ಈಗ ಆ ಕೆಲಸವನ್ನು ಕಾರುಗಳೇ ಎಲ್ಲ ರಸ್ತೆಗಳಲ್ಲೂ, ಯಾರೂ ಕೇಳದೆಯೇ ಮಾಡುತ್ತಿವೆ.

ಇದರಿಂದ ಏನು ಸಾಧ್ಯವೆಂಬುದಕ್ಕೆ ನನಗೆ ಇಂದಿಗೂ ಅತ್ಯುತ್ತಮವೆನಿಸುವ ಉದಾಹರಣೆ ಜಪಾನಿನ ಸೈತಾಮಾ ಪ್ರಾಂತದ್ದು. ಅಲ್ಲಿನ ಆಡಳಿತ 2007ರಲ್ಲಿ ಹೋಂಡಾ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು, ಆ ಕಂಪನಿಯ ದಾರಿತೋರು ವ್ಯವಸ್ಥೆಯಿದ್ದ ಕಾರುಗಳು ಎಲ್ಲೆಲ್ಲಿ ಹಠಾತ್ತಾಗಿ ಬ್ರೇಕ್ ಹಾಕುತ್ತವೆ ಎಂಬುದರ ನಕ್ಷೆ ಪಡೆಯಿತು. ಅಧಿಕಾರಿಗಳು ಆ ಜಾಗಗಳಿಗೆ ಹೋಗಿ ನಿಂತು ನೋಡಿದರು. ಆಮೇಲೆ ಮಾಡಿದ ಕೆಲಸಗಳಲ್ಲಿ ಯಾವ ಚಮತ್ಕಾರವೂ ಇರಲಿಲ್ಲ: ಚಾಲಕರ ನೋಟಕ್ಕೆ ಅಡ್ಡ ಬಂದಿದ್ದ ಕೊಂಬೆಗಳನ್ನು ಕಡಿಸುವುದು, ನಿಧಾನಿಸಿ ಎಂದು ಸೂಚಿಸುವ ಗುರುತುಗಳನ್ನು ರಸ್ತೆಯ ಮೇಲೆ ಬಳಿಸುವುದು, ಇಂಥವೇ. ಕೆಲವು ವರ್ಷಗಳಲ್ಲಿ ಸುಮಾರು 160 ಕಡೆ ಈ ಬಗೆಯ ಕೆಲಸ ನಡೆದು, ಆ ಸ್ಥಳಗಳಲ್ಲಿ ಹಠಾತ್ ಬ್ರೇಕ್‌ಗಳು ಸುಮಾರು ಶೇ 70ರಷ್ಟು ಇಳಿದವೆಂದು ಲೆಕ್ಕ ಹಾಕಲಾಯಿತು. ಜನರಿಗೆ ಗಾಯವಾದ ಅಪಘಾತಗಳು ಇಳಿದದ್ದು ಸುಮಾರು ಶೇ 20. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಯಾರೂ ಮರೆಯಬಾರದು. ಬ್ರೇಕ್ ಕಡಿಮೆಯಾದಷ್ಟೇ ಪ್ರಮಾಣದಲ್ಲಿ ಅಪಘಾತ ಕಡಿಮೆಯಾಗುವುದಿಲ್ಲ, ಏಕೆಂದರೆ ಬ್ರೇಕ್ ಹಾಕಿದ ಚಾಲಕ ಅಪಾಯವನ್ನು ಕಂಡವನು. ಕಾಣದೇ ಹೋದವನ ಕಾರು ಆ ನಕ್ಷೆಯ ಮೇಲೆ ಒಂದು ಚುಕ್ಕೆಯನ್ನೂ ಇಡದೆ ನೇರವಾಗಿ ಹೋಗಿ ಗುದ್ದಿರುತ್ತದೆ.

ಲೆಕ್ಕವನ್ನು ಓದುವ ಜಾಣ್ಮೆ ಬೇಕಾಗುವುದು ಇಲ್ಲಿಯೇ. ಸಾಮಾನ್ಯವಾಗಿ ಸೆಕೆಂಡಿನ ವರ್ಗಕ್ಕೆ 3 ಮೀಟರ್‌ನಷ್ಟೋ ಅದಕ್ಕಿಂತ ಹೆಚ್ಚೋ ವೇಗ ಕುಸಿದರೆ ಅದನ್ನು ಹಠಾತ್ ಬ್ರೇಕ್ ಎಂದು ಎಣಿಸುತ್ತಾರೆ. ಅಂದರೆ ಒಂದೇ ಸೆಕೆಂಡಿನಲ್ಲಿ ಗಂಟೆಗೆ ಸುಮಾರು 11 ಕಿ.ಮೀ. ಇಳಿಕೆ. ಸಿಗ್ನಲ್ ಇರುವ ಕೂಡುರಸ್ತೆಯಲ್ಲಿ ಹಳದಿ ದೀಪ ಕಂಡವರೆಲ್ಲ ಹೀಗೆ ಮಾಡುತ್ತಾರೆ, ಅದರಿಂದ ಆ ಜಾಗ ಅಪಾಯಕಾರಿಯೆಂದು ಹೇಳಲಾಗದು. ಅದೇ ಕುಸಿತ ನೇರ ರಸ್ತೆಯ ನಡುವೆ, ಸಿಗ್ನಲ್ಲೂ ಇಲ್ಲದ ಕೂಡುವಿಕೆಯೂ ಇಲ್ಲದ ಕಡೆ ಮತ್ತೆ ಮತ್ತೆ ಕಂಡರೆ ಅಲ್ಲೇನೋ ಇದೆ: ಯಾರಿಗೂ ಕಾಣದ ಗುಂಡಿಯೋ, ಗಿಡದ ಮರೆಯಿಂದ ಮಕ್ಕಳು ದಾಟುವ ಜಾಗವೋ. ಹಾದುಹೋಗುವ ವಾಹನಗಳ ಸಂಖ್ಯೆಯಿಂದ ಭಾಗಿಸದೆ ಬರೀ ಚುಕ್ಕೆಗಳನ್ನು ಎಣಿಸಿದರೆ ದಟ್ಟಣೆಯ ರಸ್ತೆಗಳೆಲ್ಲ ಅಪಾಯದ ಪಟ್ಟಿಯ ಮೇಲಕ್ಕೆ ಬಂದು ಕೂರುತ್ತವೆ. ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುವುದರಿಂದ, ಮೇಲ್ಸೇತುವೆಯ ಮೇಲೆ ಹಾಕಿದ ಬ್ರೇಕ್ ಕೆಳಗಿನ ರಸ್ತೆಯ ಖಾತೆಗೆ ಸೇರಿಬಿಡುವುದೂ ಉಂಟು. ಇನ್ನು, ಈ ತಿಂಗಳು ಅತಿ ಹೆಚ್ಚು ಬ್ರೇಕ್ ಕಂಡ ಹತ್ತು ಜಾಗಗಳನ್ನು ಆರಿಸಿಕೊಂಡರೆ, ಏನೂ ಮಾಡದೆ ಸುಮ್ಮನಿದ್ದರೂ ಅವುಗಳಲ್ಲಿ ಹಲವು ಮುಂದಿನ ತಿಂಗಳು ತಮ್ಮ ಸರಾಸರಿಗೆ ಇಳಿಯುತ್ತವೆ. ಆ ಇಳಿಕೆಯನ್ನು ತಮ್ಮ ಸಾಧನೆಯೆಂದು ಹೇಳಿಕೊಳ್ಳುವ ಆಸೆ ಎಲ್ಲ ಇಲಾಖೆಗಳಿಗೂ ಇರುತ್ತದೆ. ಹಾಗಾಗಿ ಸೈತಾಮಾದ ಅಂಕಿಗಳನ್ನೂ ನಾನು ಸ್ವಲ್ಪ ಹಿಡಿತದಿಂದಲೇ ಓದುತ್ತೇನೆ, ದಾರಿ ಸರಿಯಾದದ್ದೆಂದು ಒಪ್ಪಿಕೊಂಡು.

ರಸ್ತೆ ದುರಸ್ತಿಯ ಕೆಲಸಕ್ಕೆ ತಿಂಗಳುಗಳ ಕಾಲಾವಕಾಶವಿದೆ. ಆರಂಭದಲ್ಲಿ ಕಂಡ ಬೈಕ್ ಸವಾರನಿಗಿರುವುದು ಎರಡು ನಿಮಿಷ. ಅವನಂಥವರಿಗಾಗಿ ಮೊದಲು ಯೋಚಿಸಿದ ದಾರಿ ವಾಹನಗಳು ಒಂದಕ್ಕೊಂದು ರೇಡಿಯೊ ಮೂಲಕ ನೇರವಾಗಿ ಮಾತಾಡಿಕೊಳ್ಳುವುದಾಗಿತ್ತು. ಅಮೆರಿಕದ ಸಂವಹನ ಆಯೋಗ 1999ರಲ್ಲಿಯೇ ಇದಕ್ಕಾಗಿ 5.9 ಗಿಗಾಹರ್ಟ್ಸ್ ರೇಡಿಯೊ ತರಂಗಗಳ ಪಟ್ಟಿಯಲ್ಲಿ 75 ಮೆಗಾಹರ್ಟ್ಸ್ ತೆಗೆದಿಟ್ಟಿತು. ಮಿಷಿಗನ್ ರಾಜ್ಯದ ಆ್ಯನ್ ಆರ್ಬರ್‌ನಲ್ಲಿ 2012ರಲ್ಲಿ ಆರಂಭವಾದ ಪ್ರಯೋಗದಲ್ಲಿ ಸುಮಾರು 2,800 ವಾಹನಗಳು ತಮ್ಮ ಸ್ಥಾನ, ವೇಗ, ದಿಕ್ಕುಗಳನ್ನು ಸೆಕೆಂಡಿಗೆ ಹತ್ತು ಬಾರಿ ಸುತ್ತಮುತ್ತ ಸಾರುತ್ತ ಓಡಾಡಿದವು. ತಂತ್ರಜ್ಞಾನ ಕೆಲಸ ಮಾಡಿತು, ಅದರ ಗಣಿತ ಮಾತ್ರ ಕೈಕೊಟ್ಟಿತು. ಎದುರುಬದುರಾಗುವ ಎರಡೂ ವಾಹನಗಳಲ್ಲಿ ಉಪಕರಣ ಇದ್ದರೆ ಮಾತ್ರ ಎಚ್ಚರಿಕೆ ಸಾಧ್ಯವಾಗುವುದರಿಂದ, ನೂರಕ್ಕೆ ಹತ್ತು ವಾಹನಗಳಲ್ಲಿ ಅದು ಇದ್ದರೂ ನೂರು ಎದುರುಬದುರುಗಳಲ್ಲಿ ಪ್ರಯೋಜನಕ್ಕೆ ಬರುವುದು ಒಂದೇ ಒಂದರಲ್ಲಿ. ಮೊದಲು ಕೊಂಡವನಿಗೆ ಬಹುತೇಕ ಏನೂ ಸಿಗದ ಇಂಥ ಉಪಕರಣವನ್ನು ಕಾನೂನು ಕಡ್ಡಾಯ ಮಾಡದ ಹೊರತು ಯಾರೂ ಕೊಳ್ಳುವುದಿಲ್ಲ. ಕಡ್ಡಾಯ ಮಾಡುವ ಪ್ರಸ್ತಾವ ಬಂತು, ನನೆಗುದಿಗೆ ಬಿತ್ತು, ಕೊನೆಗೆ ಹಿಂದಕ್ಕೆ ಹೋಯಿತು. 2020ರಲ್ಲಿ ಅದೇ ಆಯೋಗ ಆ ಪಟ್ಟಿಯ 45 ಮೆಗಾಹರ್ಟ್ಸನ್ನು ವೈಫೈಗೆ ಕೊಟ್ಟು, ಉಳಿದ 30ನ್ನು ಮೊಬೈಲ್ ಜಾಲದ ಮೂಲದಿಂದ ಬೆಳೆದ ಹೊಸ ವಿಧಾನಕ್ಕೆ ಬಿಟ್ಟಿತು.

ಸರ್ವರ್ ಮೂಲಕ ಎಚ್ಚರಿಸುವ ದಾರಿಗೆ ಈ ಕಷ್ಟವಿಲ್ಲ. ಜಾರುವ ರಸ್ತೆ ಎಲ್ಲಿಗೂ ಓಡಿಹೋಗುವುದಿಲ್ಲ. ಇಪ್ಪತ್ತರಲ್ಲಿ ಒಂದು ಕಾರು ಅದನ್ನು ಕಂಡು ಹೇಳಿದರೂ ಉಳಿದ ಹತ್ತೊಂಬತ್ತಕ್ಕೆ ಉಪಯೋಗವಾಗುತ್ತದೆ. ವೋಲ್ವೊ 2016ರಲ್ಲಿ ಸ್ವೀಡನ್ ಮತ್ತು ನಾರ್ವೆಗಳಲ್ಲಿ ಆರಂಭಿಸಿದ ಸೇವೆ ಈ ಬಗೆಯದು. ಒಂದು ಕಾರಿನ ಚಕ್ರ ಜಾರಿದರೆ ಅಥವಾ ಅದು ಅಪಾಯ ಸೂಚಕ ದೀಪ ಹಾಕಿದರೆ ಆ ಸುದ್ದಿ ಸರ್ವರ್‌ಗೆ ಹೋಗಿ, ಅಲ್ಲಿಂದ ಆ ದಾರಿಯಲ್ಲಿ ಬರುತ್ತಿರುವ ಅದೇ ಕಂಪನಿಯ ಉಳಿದ ಕಾರುಗಳಿಗೆ ತಲುಪುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 17 ಮೀಟರ್‌ನಷ್ಟು ಸಾಗುವುದರಿಂದ ಹತ್ತು ಸೆಕೆಂಡು ಮೊದಲು ಸಿಕ್ಕ ಎಚ್ಚರಿಕೆಯೆಂದರೆ ಸುಮಾರು 170 ಮೀಟರ್ ಮುಂಚಿತ ಎಚ್ಚರಿಕೆ. ಒದ್ದೆ ರಸ್ತೆಯಲ್ಲೂ ನಿಧಾನಿಸಲು ಅದು ಧಾರಾಳ. ಆದರೆ ಎಚ್ಚರಿಕೆಯನ್ನು ಹಿಂದಕ್ಕೆ ಪಡೆಯುವುದು ಕೊಡುವುದಕ್ಕಿಂತ ಕಷ್ಟದ ಕೆಲಸ. ರಸ್ತೆ ಒಣಗಿದ ಮೇಲೂ ‘ಜಾರುತ್ತದೆ’ ಎಂದು ನಾಲ್ಕು ಬಾರಿ ಹೇಳಿದ ಪರದೆಯ ಮಾತನ್ನು ಐದನೆಯ ಬಾರಿ ಚಾಲಕ ಕೇಳುವುದಿಲ್ಲ.

‘ಅದೇ ಕಂಪನಿಯ ಕಾರುಗಳಿಗೆ’ ಎಂಬ ಮಾತು ಹೇಳಿ ಮುಗಿಸಿ ಮುಂದೆ ಹೋಗುವಂಥದ್ದಲ್ಲ. ಮಂಜುಗಡ್ಡೆಗೆ ಬ್ರಾಂಡ್ ಇಲ್ಲ. ಒಂದು ಕಂಪನಿಯ ಕಾರು ಕಂಡ ಅಪಾಯವನ್ನು ಇನ್ನೊಂದು ಕಂಪನಿಯ ಕಾರಿಗೆ ಹೇಳದಿರುವುದಕ್ಕೆ ವ್ಯಾಪಾರದ ಕಾರಣವಿರಬಹುದು, ಸುರಕ್ಷತೆಯ ಕಾರಣವಂತೂ ಇಲ್ಲ. ಈ ವಿಷಯದಲ್ಲಿ ಯುರೋಪಿನ ಒಕ್ಕೂಟ 2013ರ ನಿಯಮವೊಂದರಲ್ಲಿ ಎಂಟು ಬಗೆಯ ಅಪಾಯಗಳನ್ನು ಹೆಸರಿಸಿ, ಅವುಗಳ ಮಾಹಿತಿಯನ್ನು ಸಾಧ್ಯವಿದ್ದಲ್ಲೆಲ್ಲ ರಸ್ತೆ ಬಳಸುವವರಿಗೆ ಉಚಿತವಾಗಿ ಕೊಡಬೇಕೆಂದಿತು. ಜಾರುವ ರಸ್ತೆ, ದಾರಿಗೆ ಅಡ್ಡ ಬಂದ ಪ್ರಾಣಿ ಅಥವಾ ವಸ್ತು, ಯಾರೂ ಕಾವಲಿಲ್ಲದ ಅಪಘಾತ ಸ್ಥಳ, ಕಡಿಮೆ ಗೋಚರತೆ, ಎದುರು ದಿಕ್ಕಿನಿಂದ ನುಗ್ಗಿ ಬರುತ್ತಿರುವ ವಾಹನ ಇವೆಲ್ಲ ಆ ಪಟ್ಟಿಯಲ್ಲಿವೆ. ಅದರ ಬೆನ್ನಿಗೆ ಕೆಲವು ಕಾರು ತಯಾರಕರು, ನಕ್ಷೆ ಕಂಪನಿಗಳು ಮತ್ತು ಸರ್ಕಾರಗಳು ಸೇರಿ ‘ಡೇಟಾ ಫಾರ್ ರೋಡ್ ಸೇಫ್ಟಿ’ ಎಂಬ ಕೂಟ ಕಟ್ಟಿಕೊಂಡವು. ಅದರ ತತ್ವ ಕೊಟ್ಟು ತೆಗೆದುಕೊಳ್ಳುವುದು: ನೀವು ನಿಮ್ಮ ಕಾರುಗಳ ಸುದ್ದಿ ಕೊಡಿ, ನಾವು ನಮ್ಮ ಕಾರುಗಳದ್ದು ಕೊಡುತ್ತೇವೆ, ಯಾರೂ ಅದನ್ನು ಸುರಕ್ಷತೆಯ ಹೊರತು ಬೇರೆಯದಕ್ಕೆ ಬಳಸುವಂತಿಲ್ಲ. ಆ ಎಂಟರಲ್ಲಿ ಒಂದಕ್ಕೂ ಚಾಲಕನ ಹೆಸರು ಬೇಕಿಲ್ಲ ಎಂಬುದನ್ನು ಗಮನಿಸಬೇಕು.

ತೆಳು ಮಾಹಿತಿ ಎಷ್ಟು ತೆಳುವಾಗಿರಬಹುದೆಂಬುದಕ್ಕೆ ಯುರೋಪಿನ ‘ಇ-ಕಾಲ್’ ಇನ್ನೊಂದು ಉದಾಹರಣೆ. 2018ರ ಮಾರ್ಚ್ 31ರಿಂದ ಅಲ್ಲಿ ಹೊಸದಾಗಿ ಅನುಮೋದನೆ ಪಡೆಯುವ ಕಾರು ಮಾದರಿಗಳಲ್ಲಿ ಇದು ಕಡ್ಡಾಯ. ಏರ್‌ಬ್ಯಾಗ್ ಬಿಚ್ಚಿಕೊಳ್ಳುವಂಥ ಡಿಕ್ಕಿಯಾದರೆ ಕಾರು ತಾನಾಗಿಯೇ 112ಕ್ಕೆ ಕರೆ ಮಾಡಿ, 140 ಬೈಟ್‌ಗಳ ಮಿತಿಯ ಒಂದು ಸಂದೇಶ ಕಳುಹಿಸುತ್ತದೆ. ಜಾಗ, ಹೊತ್ತು, ಕಾರು ಸಾಗುತ್ತಿದ್ದ ದಿಕ್ಕು, ವಾಹನದ ಗುರುತು, ಇಂಧನದ ಬಗೆ ಇಷ್ಟೆಲ್ಲ ಅಷ್ಟರೊಳಗೇ ಅಡಕ. ದಿಕ್ಕು ಏಕೆಂದರೆ, ವಿಭಜಕವಿರುವ ಹೆದ್ದಾರಿಯಲ್ಲಿ ಆಂಬುಲೆನ್ಸ್ ತಪ್ಪು ಬದಿಗೆ ಹೋದರೆ ಮುಂದಿನ ತಿರುವಿನವರೆಗೆ ಹೋಗಿ ಹಿಂದಿರುಗಬೇಕಾಗುತ್ತದೆ. ಇಂಧನ ಏಕೆಂದರೆ, ಬ್ಯಾಟರಿ ಕಾರನ್ನು ಕತ್ತರಿಸಿ ಗಾಯಾಳುವನ್ನು ಹೊರತೆಗೆಯುವ ರೀತಿಯೇ ಬೇರೆ. ಡಿಕ್ಕಿಯಾಗುವವರೆಗೆ ಈ ವ್ಯವಸ್ಥೆ ಕಾರನ್ನು ಬೆನ್ನಟ್ಟುವಂತಿಲ್ಲ ಎಂಬುದು ನಿಯಮದಲ್ಲಿಯೇ ಇದೆ. ತುರ್ತು ನೆರವು ನಗರಗಳಲ್ಲಿ ಶೇ 40ರಷ್ಟು, ಹಳ್ಳಿಗಾಡಿನಲ್ಲಿ ಶೇ 50ರಷ್ಟು ಬೇಗ ತಲುಪಬಹುದೆಂಬುದು ಒಕ್ಕೂಟದ ಅಂದಾಜು. ಇದು ನಂಬಿಕೊಂಡಿದ್ದ 2ಜಿ, 3ಜಿ ಜಾಲಗಳು ಈಗ ಒಂದೊಂದಾಗಿ ಮುಚ್ಚುತ್ತಿರುವುದರಿಂದ ನಿಯಮವನ್ನು 4ಜಿ, 5ಜಿಗೆ ತಿದ್ದಬೇಕಾಗಿ ಬಂದದ್ದು ಬೇರೆ ಮಾತು. ಕಾರಿನ ಆಯಸ್ಸು ಮೊಬೈಲ್ ಜಾಲದ ಆಯಸ್ಸಿಗಿಂತ ಹೆಚ್ಚು ಎಂಬುದನ್ನು ನಿಯಮ ಬರೆದವರು ಆಗ ಅಷ್ಟಾಗಿ ಯೋಚಿಸಿದಂತಿಲ್ಲ.

ಇದಕ್ಕೆ ತದ್ವಿರುದ್ಧವಾದ ಕಥೆ ಅಮೆರಿಕದ ಕಾರು ಕಂಪನಿ ಜನರಲ್ ಮೋಟರ್ಸ್‌ನದ್ದು. ತನ್ನ ಆನ್‌ಸ್ಟಾರ್ ಸೇವೆಯ ಭಾಗವಾಗಿ, ಚಾಲನೆ ಸುಧಾರಿಸಿಕೊಳ್ಳಲು ನೆರವಾಗುತ್ತದೆ ಎಂದು ಹೇಳಲಾಗುತ್ತಿದ್ದ ಸೌಲಭ್ಯದ ಮೂಲಕ ಅದು ಹಠಾತ್ ಬ್ರೇಕ್, ಅತಿವೇಗ, ರಾತ್ರಿಯ ಓಡಾಟಗಳ ವಿವರವನ್ನು ಸಂಗ್ರಹಿಸಿ ಒಬ್ಬೊಬ್ಬ ಗ್ರಾಹಕನ ಬಗ್ಗೆಯೂ ವರದಿ ತಯಾರಿಸಿ ವಿಮಾ ಕಂಪನಿಗಳಂಥವರಿಗೆ ಮಾರುವ ಸಂಸ್ಥೆಗಳಿಗೆ ಕೊಟ್ಟಿತು. ಅಲ್ಲಿಂದ ಅದು ವಿಮಾ ಕಂಪನಿಗಳಿಗೆ ಹೋಯಿತು. ಕೆಲವರಿಗೆ ಇದು ಗೊತ್ತಾದದ್ದೇ ವಿಮೆಯ ಕಂತು ಏರಿದ ಮೇಲೆ. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಪ್ರಕಟಿಸಿದ ಕ್ರಮದಲ್ಲಿ, ಕಾರಿನ ಸ್ಥಾನವನ್ನು ಮೂರು ಸೆಕೆಂಡಿಗೊಮ್ಮೆಯೂ ಸಂಗ್ರಹಿಸಲಾಗುತ್ತಿತ್ತೆಂದು ಹೇಳಿ, ಇಂಥ ಮಾಹಿತಿಯನ್ನು ಆ ಬಗೆಯ ಸಂಸ್ಥೆಗಳಿಗೆ ಐದು ವರ್ಷ ಕೊಡದಂತೆ ನಿರ್ಬಂಧಿಸಲು ಮುಂದಾಯಿತು. ಸೈತಾಮಾದಲ್ಲಿ ಮರದ ಕೊಂಬೆಯನ್ನು ತೋರಿಸಿಕೊಟ್ಟ ಅದೇ ಹಠಾತ್ ಬ್ರೇಕ್ ಇಲ್ಲಿ ಚಾಲಕನ ಮೇಲಿನ ದೋಷಾರೋಪವಾಯಿತು. ಅಡ್ಡ ಬಂದ ಮಗುವನ್ನು ಉಳಿಸಲು ಬ್ರೇಕ್ ಒತ್ತಿದವನೂ ಆ ಲೆಕ್ಕದಲ್ಲಿ ಕೆಟ್ಟ ಚಾಲಕನೇ.

ಹೆಸರು ತೆಗೆದುಹಾಕಿದರೆ ಸಾಕಲ್ಲವೇ ಎಂದು ಕೇಳಬಹುದು. ಸಾಲದು. ಸುಮಾರು 15 ಲಕ್ಷ ಮೊಬೈಲ್ ಬಳಕೆದಾರರ ಓಡಾಟವನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಜಾಗ ಮತ್ತು ಹೊತ್ತಿನ ನಾಲ್ಕೇ ಬಿಂದುಗಳಿಂದ ಶೇ 95ರಷ್ಟು ಜನರನ್ನು ಉಳಿದವರಿಂದ ಬೇರ್ಪಡಿಸಿ ಗುರುತಿಸಬಹುದೆಂದು ತೋರಿಸಿತು. ಕಾರು ರಾತ್ರಿ ನಿಲ್ಲುವ ಜಾಗ ಮನೆ, ಹಗಲು ನಿಲ್ಲುವ ಜಾಗ ಕಚೇರಿ. ಇಷ್ಟು ಗೊತ್ತಾದರೆ ಹೆಸರು ಹುಡುಕುವುದು ಕಷ್ಟವಲ್ಲ. 2024ರ ಕೊನೆಯಲ್ಲಿ ಫೋಕ್ಸ್‌ವ್ಯಾಗನ್ ಸಮೂಹದ ಸಾಫ್ಟ್‌ವೇರ್ ಅಂಗಸಂಸ್ಥೆಯಿಂದ ಸುಮಾರು 8 ಲಕ್ಷ ವಿದ್ಯುತ್ ಕಾರುಗಳ ಮಾಹಿತಿ ಸರಿಯಾದ ಬೀಗವಿಲ್ಲದೆ ಇಂಟರ್ನೆಟ್‌ನಲ್ಲಿ ತೆರೆದುಬಿದ್ದಿದ್ದುದು ಬೆಳಕಿಗೆ ಬಂತು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ಸ್ಥಾನವೂ ನಿಖರವಾಗಿ ತಿಳಿಯುವಂತಿತ್ತು. ಕದಿಯುವವನಿಗೆ ಸಿಗದಿರಬೇಕಾದರೆ ಇರುವ ಒಂದೇ ಖಚಿತ ದಾರಿಯೆಂದರೆ ಅದನ್ನು ಮೊದಲೇ ಕೂಡಿಹಾಕದಿರುವುದು. ಚಕ್ರ ಜಾರಿದ್ದನ್ನು ಗುರುತಿಸುವ ಲೆಕ್ಕ ಕಾರಿನೊಳಗೇ ನಡೆಯುತ್ತದೆ; ಹೊರಗೆ ಹೋಗಬೇಕಾದದ್ದು ಅದರ ಫಲಿತಾಂಶ ಮಾತ್ರ, ಇಡೀ ಪ್ರಯಾಣವಲ್ಲ. ಕೂಡುರಸ್ತೆಯೊಂದರ ಅಧ್ಯಯನಕ್ಕೆ ವಾಹನ ಬಂದ ಮತ್ತು ಹೋದ ದಾರಿಯ ಕೆಲವು ನೂರು ಮೀಟರ್ ಬೇಕಾಗುತ್ತದೆ ನಿಜ, ಆಗಲೂ ಪ್ರಯಾಣದ ತಲೆ ಮತ್ತು ಬಾಲವನ್ನು ಕತ್ತರಿಸಿ ಕೊಡಬಹುದು.

ಇಷ್ಟೆಲ್ಲ ಸರಿಹೋದರೂ ಒಂದು ಕೊರತೆ ಉಳಿಯುತ್ತದೆ, ಅದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಂಭೀರವಾದದ್ದು. ವಿಶ್ವ ಆರೋಗ್ಯ ಸಂಸ್ಥೆಯ ಅದೇ ವರದಿಯ ಪ್ರಕಾರ ರಸ್ತೆಯಲ್ಲಿ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪಾದಚಾರಿಗಳು, ಸೈಕಲ್ ಸವಾರರು ಮತ್ತು ದ್ವಿಚಕ್ರ, ತ್ರಿಚಕ್ರ ವಾಹನಗಳಲ್ಲಿ ಹೋಗುವವರು. ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಸಾವುಗಳು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಆಗುತ್ತವೆ. ಕನೆಕ್ಟೆಡ್ ಕಾರುಗಳಾದರೋ ಹೊಸವು, ದುಬಾರಿಯವು, ಹಣವಿರುವವರ ಬಡಾವಣೆಗಳಲ್ಲಿ ಹೆಚ್ಚು ಓಡಾಡುವವು. ಬಾಸ್ಟನ್ ನಗರ 2012ರಲ್ಲಿ ಫೋನಿನ ಅಲುಗಾಟದಿಂದ ರಸ್ತೆಗುಂಡಿ ಪತ್ತೆಹಚ್ಚುವ ‘ಸ್ಟ್ರೀಟ್ ಬಂಪ್’ ಎಂಬ ಆ್ಯಪ್ ತಂದಾಗ ಇದೇ ಪ್ರಶ್ನೆ ಎದ್ದಿತ್ತು: ಸ್ಮಾರ್ಟ್‌ಫೋನ್ ಹೆಚ್ಚಿರುವ ಕಡೆಯ ಗುಂಡಿಗಳೇ ಹೆಚ್ಚು ಕಾಣುತ್ತವೆ. ಕಾರುಗಳ ನಕ್ಷೆಯಲ್ಲಿ ಬಿಳಿಯಾಗಿ ಉಳಿದ ರಸ್ತೆ ಸುರಕ್ಷಿತವಾದದ್ದೇ ಆಗಿರಬೇಕಿಲ್ಲ, ಅಲ್ಲಿ ಹೇಳುವ ಕಾರು ಹೋಗದೇ ಇದ್ದಿರಬಹುದು. ಆದ್ದರಿಂದ ಈ ನಕ್ಷೆಯನ್ನು ಆಸ್ಪತ್ರೆಗಳ ಗಾಯಾಳು ದಾಖಲೆಗಳು, ಪೊಲೀಸರ ವರದಿಗಳು ಹಾಗೂ ಕೂಡುರಸ್ತೆಗಳ ಕ್ಯಾಮೆರಾ ದೃಶ್ಯಗಳ ಪಕ್ಕದಲ್ಲಿಟ್ಟು ಓದಬೇಕು. ಹಣ ಹಂಚುವಾಗ ವಾಹನಗಳ ಮಾಹಿತಿಯೇ ಇಲ್ಲದ ರಸ್ತೆಗಳಿಗೆ ಬೇರೆಯೇ ಪಾಲು ತೆಗೆದಿಡಬೇಕು.

ಮೊದಲ ತಿರುವಿನ ಸವಾರನ ವಿಷಯಕ್ಕೆ ಬಂದರೆ, ಅವನ ಬೈಕಿನಲ್ಲೂ ಎಬಿಎಸ್ ಇರಬಹುದು, ಹಾಗಾಗಿ ಚಕ್ರದ ವೇಗ ಅಳೆಯುವ ಸೆನ್ಸರ್ ಕೂಡ ಇರಬಹುದು. ಇಲ್ಲದಿರುವುದು ಅದರ ಮಾತನ್ನು ಹೊರಗೆ ಒಯ್ಯುವ ಸಿಮ್ ಮತ್ತು ಹೊರಗಿನ ಮಾತನ್ನು ಅವನಿಗೆ ಹೇಳುವ ಪರದೆ. ಅವನ ಜೇಬಿನ ಫೋನ್ ಎರಡನ್ನೂ ಸ್ವಲ್ಪಮಟ್ಟಿಗೆ ಮಾಡಬಲ್ಲದು, ಆದರೆ ಓಡುತ್ತಿರುವ ಬೈಕಿನ ಮೇಲೆ ಫೋನ್ ನೋಡು ಎನ್ನುವುದು ಒಂದು ಅಪಾಯ ತಪ್ಪಿಸಲು ಇನ್ನೊಂದನ್ನು ತಂದಂತೆ. ಅವನಿಗೆ ಸರಿಹೊಂದುವುದು ತಿರುವಿಗೆ ನೂರೈವತ್ತು ಮೀಟರ್ ಮೊದಲು ರಸ್ತೆ ಬದಿಯಲ್ಲಿ ನಿಂತಿರುವ, ಯಾವ ಕಂಪನಿಯ ಕಾರು ಹೇಳಿದರೂ ‘ಜಾರುತ್ತದೆ’ ಎಂದು ಬೆಳಗುವ, ಒಣಗಿದೊಡನೆ ಆರುವ ಒಂದು ಫಲಕ. ಅಂಥ ಫಲಕಕ್ಕೆ ಸುದ್ದಿ ಮುಟ್ಟಿಸಲು ಬೇಕಾಗುವುದು ಜಾಗ, ಹೊತ್ತು, ದಿಕ್ಕು ಮತ್ತು ಒಂದು ಸಂಕೇತ. 140 ಬೈಟ್ ಕೂಡ ಬೇಕಾಗಲಿಕ್ಕಿಲ್ಲ. ಅದಕ್ಕಿಂತ ಮೊದಲು ಆಗಬೇಕಾದದ್ದು ಆ ತಿರುವಿನ ಮರಗಳ ಕೊಂಬೆ ಸವರಿ, ಬಿದ್ದ ಎಲೆ ಗುಡಿಸುವ ಕೆಲಸ. ಅದನ್ನು ಯಾವ ಇಲಾಖೆ, ಎಷ್ಟು ದಿನದೊಳಗೆ ಮಾಡಬೇಕೆಂಬುದು ಕಾರುಗಳ ಮಾಹಿತಿ ಪಡೆಯುವ ಒಪ್ಪಂದದಲ್ಲಿಯೇ ಬರೆದಿರಬೇಕು.